ಅತ್ತೆ ಓಟಿನ ಪರ, ಸೊಸೆ ವಿರೋಧ

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಮೂಡಲಗಿಯ ಹೆಣ್ಣುಮಕ್ಕಳ ಶಾಲೆಗೆ ಧಾರವಾಡದ ಕಡೆಯಿಂದ ಒಬ್ಬ ಶಿಕ್ಷಕಿ ವರ್ಗವಾಗಿ ಬಂದರು. ಕೈಯಲ್ಲಿ ಕಪ್ಪು ಕೊಡೆ, ಮೂಗಿನ ಮೇಲೆ ದಪ್ಪ ಗಾಜಿನ ಚಷ್ಮಾ, ದಾರಿಯಲ್ಲಿ ಯಾರಿಗೂ ಕಾಯದ ದಾಪುಗಾಲು. ಊರೆಲ್ಲ ಅವರನ್ನು ಅಕ್ಕೋರು ಎಂದು ಕರೆಯಿತು. ಶಾಲೆ ಕಲಿಸುವ ಹೆಣ್ಣುಮಕ್ಕಳಿಗೆಲ್ಲ ನಮ್ಮ ಕಡೆ ಅದೇ ಹೆಸರು. ಬಂದ ವರ್ಷವೇ ಅವರು ಶನಿವಾರ ಮಧ್ಯಾಹ್ನ, ಮಕ್ಕಳು ಮನೆಗೆ ಹೋದ ಮೇಲೆ, ದೊಡ್ಡ ಹೆಂಗಸರಿಗೆ ಅಕ್ಷರ ಕಲಿಸುವ ವರ್ಗ ತೆರೆದರು.

ನಾನು ಆಗ ಹೊಸ ಸೊಸೆ. ತವರಿನಲ್ಲಿ ಮುಲ್ಕಿ ಪರೀಕ್ಷೆಯವರೆಗೆ, ಅಂದರೆ ಕನ್ನಡ ಏಳನೆಯ ತರಗತಿಯವರೆಗೆ ಓದಿದ್ದೆ. ಅಕ್ಷರ ಕಲಿಯಲು ಹೊರಟವರು ನಮ್ಮ ಅತ್ತೆ. ಒಬ್ಬರೇ ಹೋಗಲು ಸಂಕೋಚವಾಗಿ ನನ್ನನ್ನು ಜೊತೆಗೆ ಕರೆದುಕೊಂಡರು. ಪಕ್ಕದ ಮನೆಯ ದರ್ಜಿಯ ಹೆಂಡತಿಯೂ ಬಂದಳು. ಆಕೆಯನ್ನು ಓಣಿಯವರೆಲ್ಲ ಬೂಬು ಎನ್ನುತ್ತಿದ್ದರು. ಹೀಗೆ ಹದಿನೈದಿಪ್ಪತ್ತು ಹೆಂಗಸರು ಮಕ್ಕಳ ಗಿಡ್ಡ ಮಣೆಗಳ ಮೇಲೆ ಮೊಳಕಾಲು ಮಡಚಿ ಕೂತು, ಮಳೆಗಾಲ ಕಳೆದು ಜೋಳದ ತೆನೆ ಕಟ್ಟುವ ಹೊತ್ತಿಗೆ ತಮ್ಮ ತಮ್ಮ ಹೆಸರು ಬರೆಯಲು ಕಲಿತರು. ಆಮೇಲೆ ಅಂಗಡಿಯ ಬೋರ್ಡುಗಳನ್ನು ಓದಿದರು. ಅದೂ ಮುಗಿಯಿತು.

ಮುಂದೇನು ಎಂಬ ಪ್ರಶ್ನೆ ಎತ್ತಿದವರು ಅತ್ತೆಯೇ.

"ಅಕ್ಕೋರ, ಅಕ್ಷರಾ ಬಂದೂವು. ಇನ್ನ ಓದೂದರ ಏನ್ರಿ? ಮಕ್ಕಳ ಪುಸ್ತಕದಾಗ ಬರೇ ಆನಿ, ಇಲಿ, ಈಶ. ನಮಗೇನ್ ಆನಿ ಗೊತ್ತಿಲ್ಲೇನ್ರಿ?"

ಅಕ್ಕೋರು ಚಷ್ಮಾ ತೆಗೆದು ಸೆರಗಿನಿಂದ ಒರೆಸಿಕೊಂಡರು. "ಹಂಗಾರ ನಿಮ್ಮ ಕಾಲದ ಚರಿತ್ರಾ ಓದೂಣು. ನೀವು ಹುಟ್ಟಿದ ಮ್ಯಾಲೆ ಈ ಜಗತ್ತಿನ್ಯಾಗ ಏನೇನ ಆತು, ಅದನ್ನ."

ಚರಿತ್ರೆ ಎಂದರೆ ರಾಜರದು ಎಂದು ನಾವೆಲ್ಲ ತಿಳಿದಿದ್ದೆವು. ಮುಂದಿನ ಶನಿವಾರ ಹೋದಾಗ ಅಕ್ಕೋರು ಗೋಡೆಯಿಂದ ಗೋಡೆಗೆ ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದರು. ಬೂಬು ಗಂಡನ ಮಿಷನ್ನಿನ ಕೆಳಗೆ ಬಿದ್ದ ತುಂಡು ಬಟ್ಟೆಗಳನ್ನು ಒಂದು ಚೀಲದ ತುಂಬ ತಂದಿದ್ದಳು. ಯಾರಿಗೆ ಏನು ನೆನಪಿದೆಯೋ ಅದನ್ನು ಹೇಳಿ, ಒಂದು ತುಂಡನ್ನು ಹಗ್ಗಕ್ಕೆ ಸಿಕ್ಕಿಸಬೇಕು. ಮೊದಲು ನಡೆದದ್ದು ಎಡಕ್ಕೆ, ಆಮೇಲಿನದು ಬಲಕ್ಕೆ. ಅತ್ತೆ ಎದ್ದು ಹೋಗಿ ಎಡತುದಿಗೆ ಕರಿಯ ತುಂಡೊಂದನ್ನು ಸಿಕ್ಕಿಸಿದರು.

"ಇದು ಪ್ಲೇಗಿಂದು. ಊರಿಗೆ ಊರ ಹೊಲದಾಗ ಗುಡಸಲಾ ಹಾಕ್ಕೊಂಡಿತ್ತು. ನನ್ನ ಲಗ್ನ ಆಗಿದ್ದ ಗುಡಸಲದಾಗ. ಹಂದರಾ ಹಾಕೂ ಕೆಲಸ ಇರಲಿಲ್ಲ, ಕಡಲಿ ಹೊಲಾನ ಹಂದರಾ. ಬೀಗರು ಕುಂತಲ್ಲೇ ಹಸಿ ಕಡಲಿ ಕಿತ್ಕೊಂಡು ತಿಂದ್ರು."

ಅದೇ ಪ್ಲೇಗು ಮುಂಬೈಗೆ ಹಡಗಿನಲ್ಲಿ ಹೇಗೆ ಬಂತು, ಅಲ್ಲಿಂದ ರೈಲಿನಲ್ಲಿ ನಮ್ಮ ಕಡೆಗೆ ಹೇಗೆ ಬಂತು ಎಂದು ಅಕ್ಕೋರು ನಕಾಶೆಯ ಮೇಲೆ ಬೆರಳಿಟ್ಟು ತೋರಿಸಿದರು. ತಮ್ಮ ಲಗ್ನದ ಹಿಂದೆ ಇಷ್ಟು ದೊಡ್ಡ ಸಮುದ್ರವಿತ್ತು ಎಂದು ಅತ್ತೆಗೆ ಅವತ್ತೇ ಗೊತ್ತಾದದ್ದು. ಮನೆಗೆ ಬಂದವರೇ ಮಾವನಿಗೆ, "ನಮ್ಮ ಲಗ್ನದ್ದು ಚರಿತ್ರಾ ಐತೆಂತ ನೋಡ್ರಿ" ಎಂದರು.

ಬೂಬು ಖಾಕಿ ತುಂಡು ಸಿಕ್ಕಿಸಿದಳು. "ಮೊದಲನೇ ಲಡಾಯಿದಾಗ ನಮ್ಮ ಮಾಮಾ ಬಸರಾಕ್ಕ ಹೋಗಿದ್ರು."

ಹಿಂದಿನ ಸಾಲಿನ ಮುದುಕಿಯೊಬ್ಬಳು ಕಿವಿಗೆ ಕೈ ಹಚ್ಚಿದಳು. "ಏನಂದಿ? ಗಂಡಸು ಬಸರಾಗಾಕ ಹೋಗಿದ್ನ?"

ವರ್ಗವೆಲ್ಲ ನಕ್ಕು ಉರುಳಾಡಿತು. ಬೂಬು ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಆನಿಕೊಂಡಳು. ಅಕ್ಕೋರು ನಗು ತಡೆದುಕೊಂಡು ನಕಾಶೆಯಲ್ಲಿ ಬಸರಾ ಎಂಬ ಬಂದರು ಎಲ್ಲಿದೆ ಎಂದು ತೋರಿಸಿದರು. ಅಲ್ಲಿ ಯಾರ ಯುದ್ಧ ಯಾರ ಜೊತೆ ನಡೆದಿತ್ತು, ನಮ್ಮ ಕಡೆಯ ಹುಡುಗರು ಯಾಕೆ ಹೋದರು ಎಂದು ಎರಡು ಶನಿವಾರ ಪಾಠ ನಡೆಯಿತು. ಮಾಮಾ ಅಲ್ಲಿಂದ ಬರುವಾಗ ಖಜೂರಿ ತಂದಿದ್ದರಂತೆ. ಬೀಜಗಳನ್ನು ಬೂಬುವಿನ ತಾಯಿ ಹಿತ್ತಿಲಲ್ಲಿ ಹಾಕಿದ್ದಳು, ಒಂದೂ ಮೊಳೆಯಲಿಲ್ಲ.

ಹೀಗೆ ಹಗ್ಗ ತುಂಬುತ್ತ ಹೋಯಿತು. ಯುದ್ಧ ಮುಗಿಯುವಾಗ ಬಂದ ಜ್ವರ, ಊರಿಗೆ ಮೊದಲು ಬಂದ ಮೋಟಾರು, ಉಪ್ಪಿನ ಚಳವಳಿ, ರಷ್ಯಾದಲ್ಲಿ ದೊರೆಯನ್ನು ಇಳಿಸಿದ್ದು. ದೊರೆ ಇಲ್ಲದೆ ಊರು ಹೇಗೆ ನಡೆಯುತ್ತದೆ ಎಂದು ಒಬ್ಬರು ಕೇಳಿದರೆ, ಗೌಡರು ಕಾಶಿಗೆ ಹೋದಾಗ ನಮ್ಮೂರು ನಡೆಯಲಿಲ್ಲವೇ ಎಂದು ಇನ್ನೊಬ್ಬರು ಉತ್ತರ ಕೊಡುತ್ತಿದ್ದರು. ನನಗೆ ಆ ಮಧ್ಯಾಹ್ನಗಳಷ್ಟು ಖುಷಿ ಕೊಟ್ಟದ್ದು ಬೇರೆ ಇಲ್ಲ. ಏಳನೆಯ ತರಗತಿಯವರೆಗೆ ನಾನು ಬಾಯಿಪಾಠ ಮಾಡಿದ್ದ ಹೆಸರುಗಳೆಲ್ಲ ಈಗ ಮನುಷ್ಯರಾಗಿ ಎದ್ದು ಬರುತ್ತಿದ್ದವು.

ಓಟಿನ ಮಾತು ಬಂದದ್ದು ಬೇಸಿಗೆಯ ಬಿಸಿಲು ಏರತೊಡಗಿದ ಮೇಲೆ. ಆಗ ಓಟು ಎಲ್ಲರಿಗೂ ಇರಲಿಲ್ಲ. ಹೊಲಮನೆ ಇದ್ದವರಿಗೆ, ಒಂದಿಷ್ಟು ಓದು ಬಂದವರಿಗೆ ಅಷ್ಟೇ. ಬೇರೆ ಬೇರೆ ದೇಶದ ಹೆಂಗಸರು ಓಟಿಗಾಗಿ ಮೆರವಣಿಗೆ ಮಾಡಿದ್ದು, ಜೇಲಿಗೆ ಹೋದದ್ದು, ಊಟ ಬಿಟ್ಟದ್ದು ಇವನ್ನೆಲ್ಲ ಅಕ್ಕೋರು ಹೇಳಿದರು. ಅತ್ತೆಗೆ ಅದು ಸೇರಲಿಲ್ಲ.

"ಓಟಿನ ಸಲುವಾಗಿ ಉಣ್ಣೂದು ಬಿಡೂದ? ಅವ್ರ ಮನ್ಯಾಗ ಅಡಗಿ ಸುಮಾರ ಇದ್ದಿರಬೇಕು" ಎಂದರು.

ನಾನು ಆ ಹೆಂಗಸರ ಪಕ್ಷ. ಎಲ್ಲ ಹೆಣ್ಣುಮಕ್ಕಳಿಗೂ ಓಟು ಬೇಕು ಎಂದು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿತ್ತು. ಆದರೆ ಅತ್ತೆಯ ಎದುರಿಗೆ ಸೊಸೆ ಬಾಯಿ ತೆರೆಯುವುದು ಹೇಗೆ? ಅಕ್ಕೋರು ನಮ್ಮಿಬ್ಬರನ್ನೂ ನೋಡಿ ಏನು ಲೆಕ್ಕ ಹಾಕಿದರೋ. ಹುಕ್ಕೇರಿಯಲ್ಲಿ ಅವರ ಟ್ರೇನಿಂಗ್ ಕಾಲೇಜಿನ ಗೆಳತಿಯೊಬ್ಬರು ಇಂಥದೇ ವರ್ಗ ನಡೆಸುತ್ತಿದ್ದರು. ಎರಡೂ ಊರಿನವರು ನಡುವಿನ ಗೋಕಾಕದಲ್ಲಿ ಸೇರುವುದು, ಮೂಡಲಗಿಯವರು ವಾದ ಮಾಡುವುದು, ಹುಕ್ಕೇರಿಯವರು ತೀರ್ಪು ಕೊಡುವುದು ಎಂದು ಗೆಳತಿಯರು ಗೊತ್ತು ಮಾಡಿಕೊಂಡರು. ಎಲ್ಲ ಹೆಂಗಸರಿಗೂ ಓಟು ಬೇಕೋ ಬೇಡವೋ ಎಂಬುದೇ ವಿಷಯ. ವಾದಕ್ಕೆ ಅಕ್ಕೋರು ಆರಿಸಿದ್ದು ಅತ್ತೆಯನ್ನೂ ನನ್ನನ್ನೂ.

ಯಾರು ಯಾವ ಪಕ್ಷ ಎಂಬುದಕ್ಕೆ ಅಕ್ಕೋರು ಬಟ್ಟೆಯ ಚೀಲ ಹಿಡಿದರು. ಕೆಂಪು ಬಂದರೆ ಬೇಕು, ಹಸಿರು ಬಂದರೆ ಬೇಡ. ಅತ್ತೆ ಕೈ ಹಾಕಿದರು, ಕೆಂಪು ಬಂತು. ನಾನು ಕೈ ಹಾಕಿದೆ, ಹಸಿರು.

"ತಪ್ಪಿ ಬಂದೈತ್ರಿ ಇದು. ಅದಲಿಬದಲಿ ಮಾಡ್ಕೋತೇವಿ" ಎಂದರು ಅತ್ತೆ.

"ಬ್ಯಾಡ್ರಿ. ತಮ್ಮ ಮನಸಿನ್ಯಾಗ ಇದ್ದದ್ದು ಹೇಳೂದು ಸರಳ. ಎದುರಿನವ್ರ ಮನಸಿನ್ಯಾಗ ಹೊಕ್ಕು ಬರ್ರಿ ನೋಡೂಣು" ಎಂದು ಅಕ್ಕೋರು ಚೀಲದ ಬಾಯಿ ಕಟ್ಟಿಬಿಟ್ಟರು.

ಮರುದಿನ ಬೆಳಗ್ಗೆ ಅತ್ತೆ ಲಿಂಗಪೂಜೆ ಮುಗಿಸಿ ಬಂದು, ನಾನು ರೊಟ್ಟಿ ಬಡಿಯುತ್ತಿದ್ದ ಒಲೆಯ ಮುಂದೆ ಕೂತರು.

"ನೀ ಮಂದಿ ಮುಂದ ನಿಂತು ಏನ್ ಹೇಳಾಕಿ?"

"ಗೊತ್ತಿಲ್ರಿ ಅತ್ತಿ. ಬ್ಯಾಡ ಅನ್ನಾಕ ನನಗ ಒಂದ ಮಾತೂ ಹೊಳ್ಯಾಕ ಒಲ್ದು."

"ಮತ್ತ ನಗಿಗೀಡ ಆಗ್ತಿ. ನಮ್ಮ ಮನಿ ಸೊಸಿಗೆ ಮಾತ ಬರೂದಿಲ್ಲ ಅಂತಾರ." ಒಲೆಯೊಳಗೆ ಒಂದು ಕಟ್ಟಿಗೆ ಸರಿಸಿದರು. "ಹಿಂಗ ಮಾಡು. ನಾ ಇಷ್ಟ ದಿನಾ ಏನೇನ ಅಂತಿದ್ನಿ, ಅದನ್ನ ಹೇಳು. ಓಟು ಹಾಕಾಕ ಹೋದ್ರ ರೊಟ್ಟಿ ಬಡಿಯಾವ್ರು ಯಾರು ಅಂತ ಕೇಳು. ಗಂಡ ಒಂದ ಕಡೆ, ಹೇಣ್ತಿ ಒಂದ ಕಡೆ ಹಾಕಿದ್ರ ಮನ್ಯಾಗ ಜಗಳ ಅಂತ ಹೇಳು. ದುಕಾನಕ್ಕೊಬ್ಬ ಮಾಲಕ ಸಾಕು ಅನ್ನು."

ಹೀಗೆ ನಮ್ಮತ್ತೆ ತಮ್ಮ ಮಾತುಗಳನ್ನೆಲ್ಲ ಒಂದೊಂದಾಗಿ ನನಗೆ ಕೊಟ್ಟರು. ಅವರಿಗೆ ನಾನು ಏನು ಕೊಡಬೇಕು? ಇಷ್ಟು ದಿನ ನುಂಗಿಕೊಂಡಿದ್ದನ್ನು ಕೊಟ್ಟೆ. "ರೊಟ್ಟಿ ದಿನಾ ಐತ್ರಿ ಅತ್ತಿ, ಓಟು ಏಸೋ ವರ್ಷಕ್ಕೊಮ್ಮೆ. ಒಂದ ದಿನ ಗಂಡಸರು ತಂಗಳ ಉಂಡ್ರ ಏನಾತ್ರಿ?" ಎಂದು ಹೇಳಿಕೊಟ್ಟೆ. ಅವರು ಅದನ್ನು ಬಾಯಲ್ಲಿ ಹೊರಳಿಸಿ ನೋಡಿ, "ಹ್ಞೂಂ, ಚಲೋ ಐತಿ" ಎಂದರು. ಸೊಸೆಯಾಗಿ ನಾನು ಎಂದೂ ಹೇಳಲಾಗದ್ದನ್ನೆಲ್ಲ ವಾದದ ನೆಪದಲ್ಲಿ ಹೇಳುತ್ತಿದ್ದೆ, ಅವರು ಕೇಳುತ್ತಿದ್ದರು. ಬೆಳಗಿನ ರೊಟ್ಟಿಯ ಹೊತ್ತು ನಮ್ಮಿಬ್ಬರದೇ ವರ್ಗವಾಯಿತು. ನಮ್ಮವರು ಅಂಗಡಿಗೆ ಹೊರಡುವ ಮುಂಚೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಮುಂಬೈ ಅಸೆಂಬ್ಲಿ ನಮ್ಮ ಒಲಿ ಮುಂದ ಬಂದೈತಲ್ಲ" ಎನ್ನುತ್ತಿದ್ದರು.

ಮಾವ ಮಾತ್ರ ಇದರಲ್ಲಿ ತಲೆ ಹಾಕಲಿಲ್ಲ. ಅವರು ಕಿರಾಣಿ ಅಂಗಡಿಯ ಯಜಮಾನರು, ಹೊಲವೂ ಇತ್ತು. ಹಿಂದಿನ ಚುನಾವಣೆಯಲ್ಲಿ ಓಟು ಹಾಕಿ ಬಂದಿದ್ದರು. ಅವತ್ತು ಅತ್ತೆ ಯಾರಿಗೆ ಹಾಕಿದಿರಿ ಎಂದು ಕೇಳಿದಾಗ, "ಅದನ್ನ ಹೇಳಬಾರದಂತ ಕಾಯ್ದೆ ಐತಿ" ಎಂದು ರುಮಾಲು ಬಿಚ್ಚಿ ಗೂಟಕ್ಕೆ ಹಾಕಿದ್ದರಂತೆ. ಅದು ಅತ್ತೆಯ ಮನಸ್ಸಿನಲ್ಲಿ ಇನ್ನೂ ಹಲ್ಲಿನಲ್ಲಿ ಸಿಕ್ಕ ನಾರಿನ ಹಾಗೆ ಉಳಿದಿತ್ತು ಎಂದು ನನಗೆ ಗೋಕಾಕದಲ್ಲೇ ತಿಳಿದದ್ದು.

ಆ ದಿನ ನಾವೆಲ್ಲ ಸರ್ವಿಸ್ ಮೋಟಾರಿನಲ್ಲಿ ಹೊರಟೆವು. ಹಲವರಿಗೆ ಅದು ಮೊದಲ ಮೋಟಾರು ಪ್ರಯಾಣ. ಅತ್ತೆ ಒಂದು ಲಿಂಬೆಹಣ್ಣನ್ನು ಮೂಗಿಗೆ ಹಿಡಿದು ಡ್ರೈವರನ ಬೆನ್ನ ಹಿಂದೆಯೇ ಕೂತರು. ಹೆಂಗಸರ ಬೆಂಗಾವಲಿಗೆಂದು ಮಾವ ಬಂದರು. ಗೋಕಾಕದ ಶಾಲೆಯೊಂದರ ದೊಡ್ಡ ಕೋಣೆಯಲ್ಲಿ ಜಮಖಾನೆ ಹಾಸಿದ್ದರು. ಹುಕ್ಕೇರಿಯವರು ನಮಗಿಂತ ಮೊದಲೇ ಬಂದು ಶೇಂಗಾ ಹೋಳಿಗೆಯ ಬುತ್ತಿಗಳನ್ನು ಮೂಲೆಯಲ್ಲಿ ಸಾಲಾಗಿ ಇಟ್ಟುಕೊಂಡು ಕೂತಿದ್ದರು. ಅಧ್ಯಕ್ಷತೆಗೆ ಊರಿನ ಡಾಕ್ಟರರ ಹೆಂಡತಿ ಬಂದಿದ್ದರು. ಗಂಡಸರಿಗೆ ಒಳಗೆ ಜಾಗವಿಲ್ಲ ಎಂದದ್ದರಿಂದ ಮಾವ ಹೊರಗಿನ ಕಟ್ಟೆಯಲ್ಲಿ, ಕಿಟಕಿಯ ಪಕ್ಕ ಕೂತರು.

ಮೊದಲು ನಾನು. ಎದ್ದು ನಿಂತೆ. ಮಾತುಗಳು ಅತ್ತೆಯವು, ಗಟ್ಟಿ ಕುಟ್ಟಿದ ಮಾತುಗಳು. ಹಿಡಿದುಕೊಂಡರೆ ಅವೇ ನಡೆಸಿಕೊಂಡು ಹೋದವು. ರೊಟ್ಟಿ ಬಡಿಯುವವರು ಯಾರು ಎಂದೆ. ದುಕಾನಕ್ಕೊಬ್ಬ ಮಾಲಕ ಎಂದೆ. ಹುಕ್ಕೇರಿಯ ಮುದುಕಿಯರು ತಲೆದೂಗಿದರು. ಅತ್ತೆ ಮುಂದಿನ ಸಾಲಿನಲ್ಲಿ ಕೂತು, ನಾನು ಒಂದು ಕಡೆ ತಡವರಿಸಿದಾಗ ತುಟಿ ಆಡಿಸಿ ಮುಂದಿನ ಮಾತನ್ನು ನೆನಪಿಸಿದರು. ಎದುರು ಪಕ್ಷದವರು ಹಾಗೆ ಮಾಡಬಾರದು ಎಂದು ಅಧ್ಯಕ್ಷರು ನಗುತ್ತಲೇ ಗದರಿಸಿದರು.

ಆಮೇಲೆ ಅತ್ತೆ ಎದ್ದರು. ಸೆರಗನ್ನು ಹೊದ್ದು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ನನ್ನ ಸೊಸಿ ರೊಟ್ಟಿ ಬಡಿಯಾವ್ರು ಯಾರು ಅಂತ ಕೇಳಿದ್ಲು. ಇವತ್ತ ನಾವೆಲ್ಲಾ ಇಲ್ಲಿ ಬಂದೇವಿ. ಮನ್ಯಾಗ ಯಾರ ಬಡಿಯಾಕತ್ತಾರು? ಯಾರೂ ಇಲ್ಲ. ಗಂಡಸರು ಸತ್ತಿಲ್ಲ, ಅದಾರ." ನಗು ಎದ್ದಿತು. "ಶರಣರ ಕಾಲದಾಗ ಅನುಭವ ಮಂಟಪದಾಗ ಹೆಣ್ಣಮಕ್ಕಳು ಕುಂತು ಮಾತಾಡತಿದ್ರು ಅಂತ ಪುರಾಣ ಹೇಳಾವ್ರು ಹೇಳತಾರ. ಅವ್ರನ್ನ ಯಾರೂ ಹೊಲಾ ಎಷ್ಟೈತಿ ಅಂತ ಕೇಳಿ ಒಳಗ ಬಿಟ್ಟಿರಲಿಲ್ಲ."

ಇವು ನಾನು ಕೊಟ್ಟ ಮಾತುಗಳು, ಸ್ವಲ್ಪ ಉಪ್ಪು ಖಾರ ಹೆಚ್ಚಾಗಿತ್ತು ಅಷ್ಟೇ. ಮುಂದಿನದನ್ನು ಮಾತ್ರ ನಾನು ಕೊಟ್ಟಿರಲಿಲ್ಲ.

"ಇನ್ನ ಒಂದ ಮಾತೈತಿ. ನಮ್ಮ ಯಜಮಾನ್ರು ಭಾಳ ಚಲೋ ಮನಶಾ. ಪ್ಯಾಟ್ಯಾಗ ಚಹಾ ಕುಡದ್ರೂ ಮನಿಗೆ ಬಂದು ಹೇಳತಾರ. ಲಗ್ನ ಆದಾಗಿಂದ ನನ್ನ ಮುಂದ ಮುಚ್ಚಿಟ್ಟದ್ದು ಒಂದ. ಆ ಓಟು ಯಾರಿಗೆ ಹಾಕಿದ್ರು ಅಂತ. ಕಾಯ್ದೆ ಐತೆಂತ, ಹೇಳಬಾರದಂತ. ಇರಲಿ. ಖರೆ ನಂದೊಂದು ಮಾತು. ನನ್ನ ಕೈಯಾಗ ಕೀಲಿಕೈ ಐತಿ, ಭಾಂಡೆ ಅದಾವು, ದನಾ ಅದಾವು. ಎಲ್ಲಾ ಅವ್ರಿಗೆ ಗೊತ್ತಿದ್ದವ. ನಂದ ಅಂತ ಒಂದರ ಗುಟ್ಟು ಬ್ಯಾಡೇನ್ರಿ? ಸರಕಾರ ಕೊಡ್ತೇನಿ ಅಂದ್ರ ಯಾಕ ಬ್ಯಾಡ ಅನ್ನೂದು?"

ಕಿಟಕಿಯ ಹೊರಗೆ ಒಂದು ಕೆಮ್ಮು ಕೇಳಿಸಿತು. ಒಳಗಿದ್ದವರೆಲ್ಲ ಆಕಡೆ ತಿರುಗಿದರು. ರುಮಾಲಿನ ತುದಿಯೊಂದು ಕಿಟಕಿಯ ಕೆಳಗೆ ಇಳಿದು ಮರೆಯಾಯಿತು. ಆಗ ಎದ್ದ ನಗುವಿಗೆ ಕಟ್ಟೆಯ ಪಾರಿವಾಳಗಳು ಹಾರಿದವು. ಅಕ್ಕೋರು ಚಷ್ಮಾ ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದರು.

ತೀರ್ಪಿಗೆ ಒಂದು ತಾಮ್ರದ ಕೊಡ ಇಟ್ಟಿದ್ದರು. ಹುಕ್ಕೇರಿಯವರು ಒಬ್ಬೊಬ್ಬರಾಗಿ ಬಂದು ಕೆಂಪೋ ಹಸಿರೋ ಒಂದು ತುಂಡನ್ನು ಅದರಲ್ಲಿ ಹಾಕಬೇಕು. ಹಾಕಿದರು. ಡಾಕ್ಟರರ ಹೆಂಡತಿ ಕೊಡವನ್ನು ಜಮಖಾನೆಯ ಮೇಲೆ ಬೋರಲು ಹಾಕಿದಾಗ ಎಣಿಸುವ ಅಗತ್ಯವೇ ಇರಲಿಲ್ಲ. ಹಸಿರೋ ಹಸಿರು, ನಡುವೆ ಅಲ್ಲಲ್ಲಿ ಕೆಂಪು.

ನಾನು ಗೆದ್ದಿದ್ದೆ. ನನಗೆ ಬೇಕಾಗಿದ್ದು ಸೋಲು. ಅತ್ತೆ ಆ ಮಾತನ್ನು ಅಷ್ಟು ಚೆನ್ನಾಗಿ ಆಡಿದ ಮೇಲೂ ಈ ಹೆಂಗಸರು ತಮಗೆ ಓಟು ಬೇಡ ಎಂದರಲ್ಲ ಎಂದು ಕಣ್ಣಲ್ಲಿ ನೀರು ಬಂತು. ಅತ್ತೆ ಮಾತ್ರ ಕೂತಲ್ಲಿಂದಲೇ ಅಧ್ಯಕ್ಷರ ಕಡೆಗೆ ಕೈ ಎತ್ತಿದರು.

"ಬಾಯಾರ, ಒಂದ ಕೇಳ್ತೇನ್ರಿ. ಇವ್ರೆಲ್ಲಾ ಈಗ ಕೊಡದಾಗ ಹಾಕಿದ್ದೇನು?"

"ತಮ್ಮ ಮತಾ ಹಾಕಿದ್ರು."

"ಅಂದ್ರ ಓಟು. ಹೆಣ್ಣಮಕ್ಕಳಿಗೆ ಓಟು ಬ್ಯಾಡಂತ ಹೆಣ್ಣಮಕ್ಕಳ ಪಾಳಿ ಹಚ್ಚಿ ನಿಂತು ಓಟು ಹಾಕಿದ್ರು. ಬ್ಯಾಡಾಗಿದ್ರ ಸುಮ್ನ ಕುಂದರಬೇಕಿತ್ತಲ್ರಿ."

ಹುಕ್ಕೇರಿಯ ಗುಂಪಿನಲ್ಲಿ ಒಬ್ಬರನ್ನೊಬ್ಬರು ತಿವಿಯುವುದು ಶುರುವಾಯಿತು. ದಪ್ಪ ಕಡಗ ಹಾಕಿದ್ದ ಅಜ್ಜಿಯೊಬ್ಬಳು ಮೊಳಕಾಲಿಗೆ ಕೈಯೂರಿ ಎದ್ದಳು.

"ಖರೆ ಹೇಳ್ತೇನಿ ತಂಗಿ, ಸಿಟ್ಟಾಗಬ್ಯಾಡ. ನಿನ್ನ ಮಾತ ನನಗ ಭಾಳ ಸೇರಿದ್ವು. ಆದ್ರ ನೀ ಅತ್ತಿ, ಅಕಿ ಸೊಸಿ. ಮಂದಿ ಮುಂದ ಅತ್ತಿ ಗೆದ್ದು ಸೊಸಿ ಸೋತ್ರ ಆ ಹುಡುಗಿ ಮನಿಗೆ ಹೋಗಿ ಎಷ್ಟ ಮಾತ ಕೇಳಬೇಕು? ಅದಕ್ಕ ಹಸರ ಹಾಕಿದ್ನಿ."

"ನಾನೂ ಅದಕ್ಕ ಹಾಕಿದ್ನಿ" ಎಂದಳು ಇನ್ನೊಬ್ಬಳು. "ನಾನೂ" ಎಂದಳು ಮತ್ತೊಬ್ಬಳು. ಕೇಳುತ್ತ ಹೋದರೆ ಓಟಿನ ವಿಷಯ ನೋಡಿ ಹಸಿರು ಹಾಕಿದವರು ಬೆರಳೆಣಿಕೆಯಷ್ಟು. ಉಳಿದವರೆಲ್ಲ ಸೊಸೆಯನ್ನು ಕಾಪಾಡಲು ಹಾಕಿದವರು.

ಅತ್ತೆ ನಗಲು ಶುರುಮಾಡಿದವರು ನಿಲ್ಲಿಸಲಿಲ್ಲ. ನನ್ನ ಭುಜದ ಮೇಲೆ ತಲೆಯಿಟ್ಟು, ಉಸಿರು ಸಿಕ್ಕಿಕೊಳ್ಳುವವರೆಗೆ ನಕ್ಕರು. ನನ್ನ ಅಳುವೂ ಅದರಲ್ಲೇ ಕರಗಿತು. ಅಕ್ಕೋರು ಎದ್ದು, "ಇದನ್ನ ನೆನಪಿಡ್ರಿ. ಚುನಾವಣಿ ಅಂದ್ರ ಇದ. ಕೊಡದಾಗ ಬಿದ್ದದ್ದು ಕಾಣಸತೈತಿ, ಯಾಕ ಬಿತ್ತು ಅನ್ನೂದು ಕಾಣಸೂದಿಲ್ಲ" ಎಂದರು. ಫಲಿತಾಂಶ ಬದಲಾಗುವುದಿಲ್ಲ ಎಂದು ಅಧ್ಯಕ್ಷರು ಸಾರಿದರು. ನನಗೊಂದು ಕರದಂಟಿನ ಪೊಟ್ಟಣ ಬಹುಮಾನ ಬಂತು. ಅದನ್ನು ಬಿಚ್ಚಿ ಹಂಚಲು ಹೋದಾಗ ಮೊದಲ ತುಂಡನ್ನು ಹುಕ್ಕೇರಿಯ ಅಜ್ಜಿಯೇ ಎತ್ತಿ ನಮ್ಮತ್ತೆಯ ಬಾಯಿಗೆ ಇಟ್ಟಳು.

ಬುತ್ತಿ ಬಿಚ್ಚಿ ಉಂಡೆವು. ಹೊತ್ತಿಳಿಯುವ ಮೊದಲು ಮೋಟಾರು ಹತ್ತಿದೆವು. ಮಾವ ಅತ್ತೆಯ ಹಿಂದಿನ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು. ಸ್ವಲ್ಪ ದೂರ ಹೋದ ಮೇಲೆ ಮುಂದೆ ಬಾಗಿ, ಯಾರಿಗೂ ಕೇಳಿಸದ ಹಾಗೆ ಹೇಳಲು ನೋಡಿದರು, ಆದರೆ ಮೋಟಾರಿನ ಸದ್ದಿಗೆ ದನಿ ಏರಿಸಿಯೇ ಹೇಳಬೇಕಾಯಿತು.

"ಏ, ಕೇಳಿಲ್ಲಿ. ಅಷ್ಟ ಮನಸಿಗೆ ಹಚ್ಕೊಂಡಿದ್ರ ಹೇಳೇಬಿಡ್ತೇನಿ. ಓಟು ನಾ..."

"ಬ್ಯಾಡ್ರಿ" ಎಂದರು ಅತ್ತೆ, ಲಿಂಬೆಹಣ್ಣನ್ನು ಮೂಗಿನಿಂದ ತೆಗೆಯದೆ. "ಇಟ್ಕೋರಿ. ಕಾಯ್ದೆ ಐತಿ."

ಮುಂದಿನ ವರ್ಷ ಅಕ್ಕೋರಿಗೆ ಬೇರೆ ಊರಿಗೆ ವರ್ಗವಾಯಿತು. ಹೋಗುವಾಗ ನಕಾಶೆಯನ್ನು ಬಿಟ್ಟು ಹೋದರು. ಬರುವ ಶಿಕ್ಷಕಿಗೆ ಈ ವರ್ಗದಲ್ಲಿ ಆಸಕ್ತಿ ಇರುತ್ತದೋ ಇಲ್ಲವೋ ಎಂದು ನಾವು ಚಿಂತೆ ಮಾಡುತ್ತಿರುವಾಗ, ಅತ್ತೆ ನಕಾಶೆಯನ್ನು ಸುತ್ತಿ ತಂದು ನಮ್ಮ ಪಡಸಾಲೆಯ ಗೋಡೆಗೆ ಮೊಳೆ ಹೊಡೆಸಿದರು. ಶನಿವಾರ ವರ್ಗ ನಮ್ಮ ಮನೆಯಲ್ಲೇ ನಡೆಯಿತು. ಪತ್ರಿಕೆ ಓದುವವಳು ನಾನು, ಅದರ ಮೇಲೆ ವಾದ ತೆಗೆಯುವವರು ಅತ್ತೆ, ನಡುವೆ ಚಹಾ ಬೂಬುವಿನದು. ಯುದ್ಧ ಶುರುವಾಗಿತ್ತು. ನಕಾಶೆಯ ಮೇಲೆ ದಿನಕ್ಕೊಂದು ಊರಿನ ಹೆಸರು ಹುಡುಕುತ್ತಿದ್ದೆವು. ಜೋಳದ ಬೆಲೆ ಯಾಕೆ ಏರಿತು, ಸೀಮೆಎಣ್ಣೆ ಯಾಕೆ ಸಿಗುತ್ತಿಲ್ಲ ಎಂಬ ಪ್ರಶ್ನೆಗಳಿಗೆ ಈಗ ನಮ್ಮ ಓಣಿಯ ಹೆಂಗಸರು ನಸೀಬಿನ ಕಡೆಗೆ ಕೈ ತೋರಿಸುತ್ತಿರಲಿಲ್ಲ, ಗೋಡೆಯ ಕಡೆಗೆ ತೋರಿಸುತ್ತಿದ್ದರು.

ಒಂದು ಸುಗ್ಗಿ ಮುಗಿದ ಮೇಲೆ ಕೌಜಲಗಿಯಿಂದ ಹೇಳಿಕೆ ಬಂತು. ಅಲ್ಲಿಯ ಹೆಂಗಸರು ತಮಗೂ ಇಂಥದೊಂದು ವರ್ಗ ಮಾಡಿಕೊಡಿ ಎಂದಿದ್ದರು. ಮಾವನೇ ಎತ್ತು ಹೂಡಿಸಿದರು. ನಾನು, ಅತ್ತೆ, ಬೂಬು ಚಕ್ಕಡಿಯಲ್ಲಿ ನಕಾಶೆಯನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡು ಹೊರಟೆವು. ಕೌಜಲಗಿ ಇನ್ನೂ ಒಂದು ಹೊಲದಾಚೆ ಇರುವಾಗ, ದಾರಿಯ ಬದಿಯ ಬೇವಿನ ಗಿಡದ ಕೆಳಗೆ ಏಳೆಂಟು ಹೆಂಗಸರು ಸೆರಗು ಹೊದ್ದು ನಿಂತಿದ್ದರು. ನಮ್ಮನ್ನು ನೋಡಿ ಅವರಲ್ಲೊಬ್ಬಳು ಎರಡು ಹೆಜ್ಜೆ ಮುಂದೆ ಬಂದಳು.

"ಜಗತ್ತ ಹೇಳಾಕ ಬಂದವ್ರು ನೀವೇನ್ರಿ?"

"ಹೌದವಾ" ಎಂದರು ಅತ್ತೆ, ಚಕ್ಕಡಿಯಲ್ಲಿ ಸರಿದು ಜಾಗ ಮಾಡುತ್ತ. "ಹತ್ತ್ರಿ, ಹೋಗ್ತಾ ಹೋಗ್ತಾ ಸುರು ಮಾಡೂಣು."